ಬೇಲಿಯಡಿಯ ಸಂದು

ಅಡುಗೆಮನೆಯೊಳಗೆ ಕೀಯಾದಷ್ಟು ವಿಧೇಯ ನಾಯಿ ಇಡೀ ದಕ್ಷಿಣ ದ್ವೀಪದಲ್ಲಿ ಇರಲಿಕ್ಕಿಲ್ಲ. "ಬಾ" ಎಂದರೆ ಬರುತ್ತದೆ, "ಕೂರು" ಎಂದರೆ ಕೂರುತ್ತದೆ, ಚೀಸಿನ ಚೂರು ಕೈಯಿಂದ ಬೀಳುವ ತನಕ ನನ್ನ ಮುಖವನ್ನೇ ನೋಡುತ್ತಿರುತ್ತದೆ. ಹಿಂದಿನ ಬಾಗಿಲು ತೆಗೆದು ಮೆಟ್ಟಿಲಿಳಿದರೆ ಸಾಕು, ಅದಕ್ಕೆ ಕಿವಿ ಕೇಳಿಸುವುದಿಲ್ಲ. ನಾನು ಗಾಳಿಯಲ್ಲಿ ಚೀಸು ಹಿಡಿದುಕೊಂಡು, ಯಾರನ್ನೋ ಬೀಳ್ಕೊಡುವವಳ ಹಾಗೆ ಕೈ ಬೀಸುತ್ತ ನಿಂತಿರುತ್ತೇನೆ. ಕೀಯಾ ಬೇಲಿಯುದ್ದಕ್ಕೂ ಓಡುತ್ತ ಬೊಗಳುತ್ತಿರುತ್ತದೆ.

ಬೇಲಿಯ ಆಚೆಗಿರುವುದು ಆರ್ಚಿ ರೆಂಟನ್ನನ ಕುರಿಗಳು. ನಮ್ಮ ಮನೆಯ ಮೂರು ಕಡೆಗೂ ಅವನದೇ ಹುಲ್ಲುಗಾವಲು, ನಾಲ್ಕನೆಯ ಕಡೆ ರಸ್ತೆ. ನಮ್ಮಲ್ಲಿ ಸೆಪ್ಟೆಂಬರ್ ಎಂದರೆ ಚಳಿ ಮುಗಿದು ಕುರಿಗಳು ಮರಿ ಹಾಕುವ ಕಾಲ. ಆ ಕಾಲದಲ್ಲಿ ಕುರಿಗಳ ನಡುವೆ ಕಟ್ಟಿಲ್ಲದ ನಾಯಿ ಕಂಡರೆ ರೈತ ಗುಂಡು ಹಾರಿಸುತ್ತಾನೆ, ನಾಯಿ ಯಾರದೆಂದು ಆಮೇಲೆ ಕೇಳುತ್ತಾನೆ. ಕಾನೂನೂ ಹಾಗೇ ಇದೆ, ರೂಢಿಯೂ ಹಾಗೇ ಇದೆ. ನಾಯಿ ಕಳೆದುಕೊಂಡವರು ಮರುವಾರ ಅದೇ ರೈತನ ಜತೆ ಅಂಗಡಿಯಲ್ಲಿ ಹವಾಮಾನ ಮಾತಾಡುತ್ತಾರೆ. ನಾನು ಪಟ್ಟಣದಿಂದ ಬಂದವಳಾದರೂ ಇಷ್ಟು ನನಗೆ ಗೊತ್ತಿತ್ತು. ಅದಕ್ಕೇ ನನಗೆ ನಾಯಿ ಬೇಡವಾಗಿತ್ತು.

ತಂದವನು ನನ್ನ ಗಂಡ ಲಾಕಿ. ಅವನಿಗೆ ಹಾಲಿನಪುಡಿ ಕಾರ್ಖಾನೆಯಲ್ಲಿ ರಾತ್ರಿಪಾಳಿ. ಒಂದು ಬೆಳಿಗ್ಗೆ ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದ. ಕೋಟು ಅಳುತ್ತಿತ್ತು.

"ನೀನು ರಾತ್ರಿ ಒಬ್ಬಳೇ ಇದ್ದಾಗ ಹೆದರ್ತೀಯಲ್ಲ ಐಲ್ಸಾ, ಅದಕ್ಕೇ ತಂದೆ," ಅಂದ.

"ಹೆದರ್ತೀನಿ, ಹೌದು. ಬಾಗಿಲಿಗೆ ಇನ್ನೊಂದು ಚಿಲಕ ಹಾಕ್ಸು ಅಂದಿದ್ದೆ."

"ಚಿಲಕ ಬೊಗಳುತ್ತಾ?"

ಇದು ಬೊಗಳುತ್ತಿತ್ತು. ಹಂಟವೇ ಜಾತಿಯ ನಾಯಿಗಳು ಬೊಗಳಿ ಬೊಗಳಿಯೇ ಗುಡ್ಡದ ಮೇಲಿನ ಕುರಿಗಳನ್ನು ಅಟ್ಟಿಕೊಂಡು ಬರುವಂಥವು. ಲಾಕಿಯ ಜತೆ ಕೆಲಸ ಮಾಡುವವನೊಬ್ಬನ ಮನೆಯಲ್ಲಿ ಹುಟ್ಟಿದ ಕೊನೆಯ ಮರಿ ಇದು. ಬೆಟ್ಟದ ಗಿಳಿಯ ಹೆಸರನ್ನು ಇದಕ್ಕೆ ಇಟ್ಟವನೂ ಲಾಕಿಯೇ. ಕೀಯಾ ಎಂದರೆ ನಿಲ್ಲಿಸಿದ ಕಾರಿನ ರಬ್ಬರನ್ನೆಲ್ಲ ಕಿತ್ತುಹಾಕುವ ಹಕ್ಕಿ. ಅಂಥ ಹೆಸರಿಟ್ಟ ಮೇಲೆ ದೂರುವ ಹಕ್ಕು ಅವನಿಗಿರಲಿಲ್ಲ, ನನಗಿತ್ತು. ಗಂಬೂಟು, ಬಾಗಿಲ ಬಳಿಯ ಚಾಪೆ, ವಾಷಿಂಗ್ ಮೆಷಿನ್ನಿನ ಹಿಂದಿನ ಕೊಳವೆ, ಪಿಯಾನೋದ ಒಂದು ಕಾಲು, ಎಲ್ಲದಕ್ಕೂ ಹಲ್ಲು ಬಿತ್ತು. ಉಚ್ಚೆಗೆಂದು ಹೊರಗೆ ಕರೆದುಕೊಂಡು ಹೋದರೆ ಮಂಜು ಬಿದ್ದ ಹುಲ್ಲಿನ ಮೇಲೆ ನನ್ನನ್ನು ನಡುಗಿಸಿ, ಒಳಗೆ ಬಂದ ಮೇಲೆ, ನಾನು ಗಂಬೂಟು ಕಳಚುತ್ತಿರುವಾಗ, ಒಲೆಯ ಮುಂದೆ ಕಾಲು ಮಡಚಿ ಕೂರುತ್ತಿತ್ತು.

ನಾನು ಗ್ರಂಥಾಲಯದಿಂದ ಪುಸ್ತಕ ತಂದೆ. ಒಂದೇ ಶಬ್ದ, ಒಂದೇ ಸ್ವರ, ಮನೆಯವರೆಲ್ಲರಿಂದಲೂ ಒಂದೇ ರೀತಿ ಎಂದು ಅದು ಹೇಳುತ್ತಿತ್ತು. ನಾನು "ಬಾ" ಅನ್ನುತ್ತಿದ್ದೆ. ಲಾಕಿ ಒಂದು ದಿನ ಸಿಳ್ಳೆ ಹಾಕಿದರೆ ಇನ್ನೊಂದು ದಿನ "ಏ ಕಳ್ಳಿ, ಎಲ್ಲಿದೀಯೇ" ಎಂದು ಹಾಡುತ್ತಿದ್ದ. ಮೇಜಿನ ಮೇಲಿನಿಂದ ಏನನ್ನೂ ಕೊಡಬಾರದು ಎಂದು ಓದಿ ಹೇಳಿದೆ. ಅವನು ತಲೆಯಾಡಿಸಿ ಟೋಸ್ಟಿನ ಅಂಚನ್ನು ಮೇಜಿನ ಕೆಳಗಿನಿಂದ ಕೊಟ್ಟ.

"ಮೇಲಿಂದ ಕೊಟ್ಟಿಲ್ವಲ್ಲ," ಅಂದ.

ನನ್ನ ಕಣ್ಣೆಲ್ಲ ಇದ್ದದ್ದು ಬೇಲಿಯ ಮೂಲೆಯಲ್ಲಿ. ಅಲ್ಲಿ ನೀರಿನ ಕಾಲುವೆ ತಂತಿಯ ಕೆಳಗೆ ಹಾದುಹೋಗುತ್ತದೆ. ಕಾಲುವೆಯ ತಳ ತಗ್ಗಾಗಿದ್ದರಿಂದ ತಂತಿಗೂ ನೆಲಕ್ಕೂ ನಡುವೆ ಒಂದು ಸಂದು. "ಆ ಸಂದು ಮುಚ್ಚು," ಎಂದು ನಾಯಿ ಬಂದ ದಿನದಿಂದ ಹೇಳುತ್ತಿದ್ದೆ.

"ಶನಿವಾರ," ಎನ್ನುತ್ತಿದ್ದ ಲಾಕಿ.

ಶನಿವಾರ ಬಂದಾಗ ಮಳೆ ಬರುತ್ತಿತ್ತು, ಅಥವಾ ರಗ್ಬಿ ಇರುತ್ತಿತ್ತು.

ಆರ್ಚಿಯ ಹೆಂಡತಿ ಎಫಿ ಒಂದು ಮಧ್ಯಾಹ್ನ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಬಿಸಿ ಚೀಸ್ ರೋಲು ತಂದಳು. ಎಪ್ಪತ್ತು ದಾಟಿದವಳು, ಬಾಗಿಲು ತಟ್ಟುವ ಅಭ್ಯಾಸವಿಲ್ಲ. ನಾನು ನೆಲದ ಮೇಲೆ ಕೂತಿದ್ದೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಕೀಯಾದ ಬಾಯೊಳಗೆ.

"ಅಯ್ಯೋ ಮಗಳೇ, ನಾಯಿ ಸಾಕ್ತಿದೀಯೋ, ಪರೀಕ್ಷೆಗೆ ಕೂತಿದೀಯೋ?"

"ಎರಡೂ ಫೇಲು, ಎಫಿ. ನಿಮ್ಮ ಕುರಿ ಕಂಡ್ರೆ ಇದಕ್ಕೆ ಹುಚ್ಚೇ ಹಿಡಿಯುತ್ತೆ. ಒಂದು ದಿನ ತಪ್ಪಿಸ್ಕೊಂಡು ಆಚೆ ಹೋದ್ರೆ ಅಂತ ನನಗೆ ಊಟ ಸೇರ್ತಿಲ್ಲ."

"ಹೋದ್ರೆ ಆರ್ಚಿ ಹೊಡೀತಾನೆ," ಎಂದಳು ಎಫಿ, ಮಳೆ ಬಂದರೆ ನೆನೆಯುತ್ತೀಯ ಎನ್ನುವ ಹಾಗೆ. "ಅವನದೇ ನಾಯಿನ ಹೊಡೆದಿದಾನೆ ಒಂದ್ಸಲ. ಹೊಡೆದು ಬಂದು ಅತ್ತ. ಪುಸ್ತಕ ಆ ಕಡೆ ಇಡು, ನಾನು ಹೇಳೋದು ಕೇಳು. ಈ ಮುಂಡೇದಕ್ಕೆ ಕುರಿ ಅಂದ್ರೆ ಹೊಸದು, ಅದಕ್ಕೇ ಹುಚ್ಚು. ಒಂದು ತಬ್ಬಲಿ ಮರಿ ತಂದು ಇದರ ಪಕ್ಕ ಮಲಗಿಸು. ಜತೇಲಿ ಬೆಳೆದಿದ್ದನ್ನ ಯಾರಾದ್ರೂ ಅಟ್ಟಿಸ್ಕೊಂಡು ಹೋಗ್ತಾರಾ? ನಾನು ಆರ್ಚಿನ ಅಟ್ಟಿಸ್ಕೊಂಡು ಹೋಗ್ತೀನಾ?"

ಪುಸ್ತಕದಲ್ಲಿ ಇದು ಇರಲಿಲ್ಲ. ಆದರೆ ಪುಸ್ತಕ ಬರೆದವನು ಕುರಿಗಳ ನಡುವೆ ಇದ್ದವನಲ್ಲ, ಎಫಿ ಹುಟ್ಟಿದಾಗಿನಿಂದ ಇದ್ದವಳು. ನಾನು ಒಪ್ಪಿದೆ.

ಸಂಜೆಗೇ ಮರಿ ಬಂತು. ತ್ರಿವಳಿಗಳಲ್ಲಿ ಸಣ್ಣದು, ತಾಯಿಗೆ ಎರಡಕ್ಕೇ ಹಾಲು. ಎಫಿ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಳು. ಜತೆಗೆ ಕೆಂಪು ರಬ್ಬರ್ ತೊಟ್ಟಿನ ಬಾಟಲಿ, ಮರಿಹಾಲಿನ ಪುಡಿ, ಮತ್ತು ತನ್ನದೇ ಹಳೆಯ ತಗಡಿನ ಬಕೆಟ್ಟು. ಬಕೆಟ್ಟಿನ ಒಂದು ಪಕ್ಕ ನೆಗ್ಗಿತ್ತು.

"ಹಾಲು ಕೊಡೋಕೆ ಮುಂಚೆ ಪ್ರತಿ ಸಲ ಅಳತೆ ಡಬ್ಬದಿಂದ ಇದಕ್ಕೆ ಬಡಿ. ಹೀಗೆ." ಕಿವಿ ಕಿತ್ತುಹೋಗುವ ಸದ್ದು. "ಆಮೇಲೆ ಎಲ್ಲಿದ್ರೂ ಓಡಿ ಬರುತ್ತೆ. ನಾನು ಬಾಟಲಿ ಹಾಕಿ ಬೆಳೆಸಿದ ಹೆಣ್ಣುಮರಿಗಳು ಈಗ ಅಜ್ಜಿಯರಾಗಿದಾವೆ, ಇದರ ಸದ್ದು ಕೇಳಿದ್ರೆ ಇವತ್ತಿಗೂ ನಿಲ್ಲಲ್ಲ. ಆರ್ಚಿಗೆ ಅದೇ ಉರಿ. ಕುರಿ ಎಲ್ಲ ಕೆಡಿಸ್ಬಿಟ್ಟೆ ಅಂತಾನೆ."

ಒಪ್ಪಿಕೊಳ್ಳಲೇಬೇಕು, ಮೊದಲಿಗೆ ಎಫಿಯ ಮಾತೇ ನಿಜವಾಯಿತು. ಕೀಯಾ ಮರಿಯ ಸುತ್ತ ಒಂದು ಸುತ್ತು ಬಂದು, ಅದರ ಕಿವಿ ಮೂಸಿ, ಪೆಟ್ಟಿಗೆಯೊಳಗೆ ಹತ್ತಿ ಬೆನ್ನಿಗೆ ಬೆನ್ನು ಕೊಟ್ಟು ಮಲಗಿತು. ಆ ವಾರ ಏನೂ ಹರಿಯಲಿಲ್ಲ. ಕಟ್ಟಿಗೆ ಒಲೆಯ ಮುಂದೆ ಎರಡೂ ಒಂದೇ ಉಸಿರಿನಲ್ಲಿ ಮಲಗಿರುವುದನ್ನು ನೋಡುತ್ತ ನಾನು ತಣ್ಣಗಾಗದ ಚಹಾ ಕುಡಿದೆ. ನಾಯಿ ಬಂದ ಮೇಲೆ ಅದು ಮೊದಲ ಬಿಸಿ ಚಹಾ.

ಆಮೇಲೆ ಮರಿಯ ಕಾಲಿಗೆ ಬಲ ಬಂತು.

ಅದು ಕೀಯಾಗೆ ತಲೆಯಿಂದ ಗುದ್ದುತ್ತಿತ್ತು. ಕೀಯಾ ಬಿದ್ದು, ಎದ್ದು, ಬೊಗಳಿ ಓಡಿಸುತ್ತಿತ್ತು. ಮರಿ ಅಂಗಳದ ತುದಿಯ ತನಕ ಓಡಿ, ತಿರುಗಿ ಮತ್ತೆ ಗುದ್ದುತ್ತಿತ್ತು. ದಿನವಿಡೀ ಇದೇ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಗ ನನಗೆ ಹೊಳೆಯಿತು. ಕುರಿಯೆಂದರೆ ಓಡಿಸಬೇಕಾದ ಗೆಳೆಯ ಎಂದು ನಾನು ಈ ನಾಯಿಗೆ ಕಲಿಸುತ್ತಿದ್ದೆ. ನನ್ನದೇ ಅಂಗಳದಲ್ಲಿ, ನನ್ನದೇ ಹಾಲು ಹಾಕಿ.

ಲಾಕಿಗೆ ಹೇಳಿದೆ.

"ಆಡ್ತಾ ಇದಾವೆ ಕಣೇ, ಎಷ್ಟು ಚೆನ್ನಾಗಿದೆ ನೋಡು," ಎಂದು ಫೋಟೋ ತೆಗೆದ.

ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೆ, ಗಮನಿಸಿ ಸಿಟ್ಟಾಗಿದ್ದೆ. ಬಕೆಟ್ಟು ಬಡಿದರೆ ಮರಿಗಿಂತ ಮೊದಲು ಕೀಯಾ ಬರುತ್ತಿತ್ತು. ಮರಿಯ ಗದ್ದದಿಂದ ಸುರಿಯುವ ಹಾಲು ನೆಕ್ಕುವುದಕ್ಕೆ. ಅಂಗಳದ ಯಾವ ಮೂಲೆಯಲ್ಲಿರಲಿ, ಎಂಥ ಗುಂಡಿ ತೋಡುತ್ತಿರಲಿ, ಮೊದಲ ಬಡಿತಕ್ಕೇ ಬಂದು ನಿಲ್ಲುತ್ತಿತ್ತು. ನಾನು ಗಂಟಲು ಹರಿದುಕೊಂಡು ಕರೆದರೆ ಬಾರದ್ದು ತಗಡಿಗೆ ಬರುತ್ತಿತ್ತು. ಅದನ್ನು ಕರೆಯುವುದಕ್ಕೆ ಬಕೆಟ್ಟು ಬಡಿಯಲು ಮಾತ್ರ ನನಗೆ ಮನಸ್ಸಾಗಲಿಲ್ಲ. ಪುಸ್ತಕದ ಪ್ರಕಾರ ನಾಯಿ ಯಜಮಾನಿಯ ಮಾತಿಗೆ ಬರಬೇಕು. ನಾನು "ಬಾ" ಎನ್ನುವುದನ್ನೇ ಮುಂದುವರಿಸಿದೆ. ದಿನದಿಂದ ದಿನಕ್ಕೆ ಆ "ಬಾ" ಬೈಗುಳದ ಹಾಗೆ ಕೇಳಿಸತೊಡಗಿತ್ತು. ನನ್ನ ಕಿವಿಗೇ ಹಾಗೆ ಕೇಳಿಸಿದರೆ ನಾಯಿಗೆ ಹೇಗೆ ಕೇಳಿಸುತ್ತಿತ್ತೋ.

ನಾನು ಒಗೆದ ಬಟ್ಟೆ ಹರವುತ್ತಿದ್ದಾಗ ಅದು ಮೊದಲ ಸಲ ಆಚೆ ಹೋಯಿತು. ಹೋದದ್ದೂ ಕಾಣಲಿಲ್ಲ, ಬಂದದ್ದೂ ಕಾಣಲಿಲ್ಲ. ಕಾಲುವೆಯ ಕೆಸರಿನಲ್ಲಿ ಮಿಂದು, ಯಾವುದೋ ಕುರಿಯ ಮಾಸನ್ನು ಬಾಯಲ್ಲಿ ಕಚ್ಚಿ ತಂದು, ಹರವಿದ ಹಾಸಿಗೆ ಹೊದಿಕೆಯ ಕೆಳಗೆ ಹೆಮ್ಮೆಯಿಂದ ನಿಂತಿತ್ತು. ನಾನು ಅದನ್ನು ತೊಳೆದು ಮುಗಿಸುವುದರೊಳಗೆ ಆರ್ಚಿಯ ನಾಲ್ಕು ಚಕ್ರದ ಬೈಕು ಗೇಟಿಗೆ ಬಂತು.

ಆರ್ಚಿ ಕಡಿಮೆ ಮಾತಿನವನು. ಆ ದಿನ ಟೋಪಿಯನ್ನೂ ತೆಗೆಯಲಿಲ್ಲ. ಅವನ ಕೋಟಿನೊಳಗಿಂದ ಹಳದಿ ಮೈಯ, ಇನ್ನೂ ಒದ್ದೆಯಿದ್ದ ಕುರಿಮರಿಯೊಂದು ತಲೆ ಹೊರಹಾಕಿತ್ತು.

"ಇದು ನಿಂದು, ಐಲ್ಸಾ."

"ನಂದಾ?"

"ಇದರವ್ವ ಇದನ್ನ ಬಿಟ್ಟು ಓಡಿದ್ಲು. ಈಗ ಹತ್ರ ಸೇರಿಸ್ತಿಲ್ಲ. ನಿನ್ನ ನಾಯಿ ಆಟ ಅಂದ್ಕೊಂಡಿತ್ತು, ನಾನೇ ನೋಡಿದೆ. ಕುರಿಗೆ ಅದು ಗೊತ್ತಾಗಲ್ವಲ್ಲ."

"ಆರ್ಚಿ, ನಾನು ಎಷ್ಟು ಪ್ರಯತ್ನ ಪಡ್ತಿದೀನಿ ಅಂದ್ರೆ..."

"ಪಡ್ತಿದೀಯ, ಇಲ್ಲ ಅನ್ನಲ್ಲ." ಮರಿಯನ್ನು ನನ್ನ ಕೈಗಿಟ್ಟ. "ನೋಡಮ್ಮ. ಒಂದ್ಸಲ ಬಾಗಿಲಿಗೆ ಬಂದು ಹೇಳ್ತೀನಿ. ಇನ್ನೊಂದ್ಸಲ ಬಾಗಿಲಿಗೆ ಬರಲ್ಲ."

ಲಾಕಿ ನಿದ್ದೆಯಿಂದ ಎದ್ದ ತಕ್ಷಣ ಹೇಳಿದೆ. ಅವನು ಚಹಾ ಕುಡಿದು, ಎರಡನೆಯ ಮರಿಯನ್ನು ನೋಡಿ ನಕ್ಕ.

"ಆರ್ಚಿ ಸುಮ್ನೆ ಹೇಳ್ತಾನೆ ಬಿಡೆ."

"ಆರ್ಚಿ ಸುಮ್ನೆ ಏನನ್ನೂ ಹೇಳಲ್ಲ ಲಾಕಿ. ಅವನು ಮಾತಾಡೋದೇ ಕಮ್ಮಿ. ಸಂದು ಮುಚ್ಚು. ಇವತ್ತೇ."

"ಇವತ್ತು ಕೆಲಸಕ್ಕೆ ಹೋಗ್ಬೇಕಲ್ಲೇ. ಶನಿವಾರ..."

"ಶನಿವಾರ ಅನ್ನಬೇಡ. ಇಲ್ಲ ಅಂದ್ರೆ ನಾಯಿನ ಎಲ್ಲಿಂದ ತಂದ್ಯೋ ಅಲ್ಲಿಗೇ ಬಿಟ್ಟು ಬಾ. ನನ್ನ ಕಣ್ಣೆದುರು ಅದು ಸಾಯೋದು ಬೇಡ."

ಅವನ ಮುಖ ಸಣ್ಣದಾಯಿತು. ಎದ್ದು ಹೋಗಿ, ಶೆಡ್ಡಿನಿಂದ ಒಂದು ಮರದ ಹಲಗೆಯ ಚೌಕಟ್ಟನ್ನು ಎಳೆದು ತಂದು ಕಾಲುವೆಗೆ ಅಡ್ಡ ನಿಲ್ಲಿಸಿದ. ಕಟ್ಟಲಿಲ್ಲ, ನಿಲ್ಲಿಸಿದ. "ಸದ್ಯಕ್ಕೆ," ಅಂದ.

ನಾನೇ ಹಗ್ಗ ತಂದು ಕಟ್ಟಿದೆ. ನನ್ನ ಗಂಟುಗಳ ಮೇಲೆ ನನಗೆ ನಂಬಿಕೆಯಿರಲಿಲ್ಲ. ಅಂದಿನಿಂದ ಕೀಯಾವನ್ನು ಪಟ್ಟಿ ಹಾಕದೆ ಹೊರಗೆ ಬಿಡಲಿಲ್ಲ. ಹೊರಗೆ ಹೋದರೆ ಪಟ್ಟಿ ನನ್ನ ಕೈಯಲ್ಲಿ, ಒಳಗಿದ್ದರೆ ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿ. ಅದು ಬಾಗಿಲಿನ ಹಿಂದೆ ಬೊಗಳುತ್ತಿತ್ತು, ಲಾಕಿ ಹಗಲಿನ ನಿದ್ದೆ ಕೆಟ್ಟಿತೆಂದು ಮಹಡಿಯಿಂದ ಕೂಗುತ್ತಿದ್ದ, ಮರಿಗಳೆರಡೂ ಹಾಲಿಗೆ ಅರಚುತ್ತಿದ್ದವು. ನನಗೆ ಬೇಡವಾಗಿದ್ದ ಒಂದು ಪ್ರಾಣಿಯಿಂದ ಮೂರಾಗಿದ್ದವು. ನಾಲ್ಕು ಎಂದು ಲಾಕಿಯನ್ನೂ ಸೇರಿಸುವಷ್ಟು ಸಿಟ್ಟಿತ್ತು.

ಎರಡು ದಿನ ಧ್ರುವದ ಕಡೆಯಿಂದ ಕೊರೆಯುವ ತೆಂಕಣಗಾಳಿ ಬೀಸಿ ಆಲಿಕಲ್ಲಿನ ಮಳೆ ಸುರಿಯಿತು. ಮೂರನೆಯ ಬೆಳಿಗ್ಗೆ ಬಿಸಿಲು ಬಂತು. ಲಾಕಿ ಪಾಳಿ ಮುಗಿಸಿ ಬಂದು ಮಲಗಿದ್ದ. ಬರುವಾಗ ಕೀಯಾವನ್ನು ಮುದ್ದು ಮಾಡಿ, ಒಗೆಯುವ ಕೋಣೆಯ ಬಾಗಿಲನ್ನು ಸರಿಯಾಗಿ ಎಳೆದುಕೊಂಡಿರಲಿಲ್ಲ. ನಾನು ಹಾಲು ಕಲಸುತ್ತಿದ್ದಾಗ ಮನೆ ತೀರ ಮೌನವಾಗಿದೆ ಎನ್ನಿಸಿತು. ನಾಯಿಮರಿಯಿರುವ ಮನೆಯಲ್ಲಿ ಮೌನಕ್ಕೆ ಒಂದೇ ಅರ್ಥ.

ಹೊರಗೆ ಓಡಿದೆ. ಮಳೆಗೆ ಕಾಲುವೆ ತುಂಬಿ ಹರಿದು, ಹಲಗೆಯ ಚೌಕಟ್ಟು ನನ್ನ ಗಂಟುಗಳ ಸಮೇತ ದೂರ ತೇಲಿಹೋಗಿತ್ತು. ಈಗ ನೀರು ಇಳಿದಿತ್ತು, ಮಣ್ಣು ಕೊಚ್ಚಿಹೋಗಿ ಸಂದು ಮೊದಲಿಗಿಂತ ದೊಡ್ಡದಾಗಿತ್ತು.

ಹುಲ್ಲುಗಾವಲಿನ ಆ ತುದಿಯಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಬೇಲಿಗೆ ಆತುಕೊಂಡಿದ್ದವು. ಅವುಗಳ ಮುಂದೆ ಕೀಯಾ. ಎಡಕ್ಕೆ ಓಡಿ ಬೊಗಳಿತು, ಬಲಕ್ಕೆ ಓಡಿ ಬೊಗಳಿತು, ಮುಂಗಾಲು ಮಡಚಿ ಬಾಲ ಎತ್ತಿ, ಯಾರಾದರೂ ತನ್ನನ್ನು ಗುದ್ದಲೆಂದು ಕಾಯಿತು. ದಿಣ್ಣೆಯ ಮೇಲೆ ಆರ್ಚಿಯ ಬೈಕು ನಿಂತಿತ್ತು. ಆರ್ಚಿ ಇಳಿದಿದ್ದ. ಬಂದೂಕನ್ನು ಬೈಕಿನ ಸೀಟಿನ ಮೇಲೆ ಆನಿಸಿ ಬಗ್ಗಿದ್ದ.

"ಕೀಯಾ, ಬಾ!" ಎಂದೆ. "ಬಾ! ಬಾರೇ!"

ಅದು ತಿರುಗಿ ನನ್ನನ್ನು ನೋಡಿತು. ನೋಡಿತು, ಖಂಡಿತ ನೋಡಿತು. ಮತ್ತೆ ಕುರಿಗಳ ಕಡೆ ತಿರುಗಿತು. ಆ ಕ್ಷಣ ಅದರ ಮೇಲೆ ನನಗೆ ಬಂದಂಥ ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಸಾಯಬೇಡ ಎಂದು ಕೂಗುತ್ತಿದ್ದೇನೆ, ಅದು ಕೇಳಿಸಿಕೊಳ್ಳುತ್ತಿಲ್ಲ.

ಕೈಯಲ್ಲಿ ಭಾರವಿತ್ತು. ನೋಡಿದರೆ ಬಕೆಟ್ಟು. ಹಾಲು ಕಲಸುತ್ತಿದ್ದವಳು ಅದನ್ನು ಹಿಡಿದುಕೊಂಡೇ ಓಡಿ ಬಂದಿದ್ದೆ. ಹಾಲೆಲ್ಲ ಗಂಬೂಟಿನೊಳಗೆ ಸುರಿದಿತ್ತು, ಅಳತೆ ಡಬ್ಬ ಇನ್ನೂ ಬಲಗೈಯಲ್ಲಿತ್ತು.

ಬಡಿದೆ. ಪುಸ್ತಕ, ಯಜಮಾನಿ, ಮಾತು ಎಲ್ಲ ಬಿಟ್ಟು, ತಗಡು ಹರಿಯುವ ಹಾಗೆ ಬಡಿದೆ.

ಕೀಯಾದ ಕಿವಿಗಳು ಮೇಲೆದ್ದವು. ಅದು ಹುಲ್ಲಿಗೆ ಹೊಟ್ಟೆ ತಾಗಿಸಿಕೊಂಡು ನೇರ ನನ್ನ ಕಡೆ ಓಡಿ ಬಂತು. ಆರ್ಚಿಯ ಬಂದೂಕಿನ ತುದಿ ಅದರ ಜತೆ ಸರಿಯಿತು. ನಾನು ಬಡಿಯುತ್ತಲೇ ಇದ್ದೆ. ಆಗ ಕುರಿಗಳ ಗುಂಪು ಒಡೆದು, ಅದರಿಂದ ಒಂದು ದಪ್ಪ ಮುದಿ ಕುರಿ ಹೊರಬಂತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಎಫಿಯ ಅಜ್ಜಿಯರು. ಕೊಬ್ಬಿದ ಮೈ ಕುಲುಕಿಸುತ್ತ, ಹರಯದವರ ಹಾಗೆ, ನಾಯಿಯ ಹಿಂದೆಯೇ ಓಡಿ ಬಂದವು. ಅವುಗಳ ಹಿಂದೆ ಅವುಗಳ ಮರಿಗಳು, ಮರಿಗಳ ಹಿಂದೆ ಏನೂ ತಿಳಿಯದ ಉಳಿದವು. ಒಂದು ಕ್ಷಣದ ಹಿಂದೆ ನಾಯಿಗೆ ಹೆದರಿ ಬೇಲಿಗೆ ಅಂಟಿಕೊಂಡಿದ್ದ ಇಡೀ ಮಂದೆ ಈಗ ಅದೇ ನಾಯಿಯನ್ನು ಹಿಂಬಾಲಿಸಿ ನನ್ನತ್ತ ಬರುತ್ತಿತ್ತು. ಗುಂಡು ಹಾರಿಸಲು ಆರ್ಚಿಗೆ ಜಾಗವೇ ಉಳಿಯಲಿಲ್ಲ.

ಕೀಯಾ ಸಂದಿನಲ್ಲಿ ನುಸುಳಿ ಬಕೆಟ್ಟಿಗೆ ಮುಖ ಹಾಕಿತು. ನಾನು ಕುತ್ತಿಗೆಪಟ್ಟಿ ಹಿಡಿದು ಕೆಸರಿನಲ್ಲಿ ಕೂತುಬಿಟ್ಟೆ. ತಂತಿಯ ಆಚೆ ಅಜ್ಜಿಯರು ಸಾಲಾಗಿ ನಿಂತು ಅರಚತೊಡಗಿದರು.

ಆರ್ಚಿ ಬೈಕಿನಲ್ಲಿ ಬಂದ. ಬಂದೂಕು ಬೆನ್ನಿಗಿತ್ತು. ಬಹಳ ಹೊತ್ತು ಕುರಿಗಳನ್ನೇ ನೋಡಿದ.

"ಅದು ಎಫಿಯ ಬಕೆಟ್ಟು," ಅಂದ.

"ಹೌದು."

"ನಿನ್ನ ನಾಯಿ ಯಾಕೆ ಅದಕ್ಕೆ ಬರುತ್ತೆ?"

"ಕುರಿಮರಿ ಜತೆ ಬೆಳೀತಿದೆಯಲ್ಲ. ಹಾಲಿಗೆ ಬರುತ್ತೆ."

"ನಾಯಿನ ಕುರಿಮರಿ ಜತೆ ಬೆಳೆಸ್ತಿದೀಯಾ?" ಅವನ ಧ್ವನಿ ಮೊದಲ ಬಾರಿಗೆ ಏರಿತು. "ಕುರಿ ಅಂದ್ರೆ ಭಯಾನೂ ಇಲ್ಲ, ಮರ್ಯಾದೇನೂ ಇಲ್ಲ ಅಂತ ಆಗ್ಬಿಡುತ್ತಲ್ಲ! ಅಂಥ ಪೆದ್ದು ಬುದ್ಧಿ ಹೇಳ್ಕೊಟ್ಟೋರು ಯಾರು?"

ನಾನು ಅವನನ್ನು ನೋಡಿದೆ, ಬಕೆಟ್ಟನ್ನು ನೋಡಿದೆ. ಅವನೂ ಬಕೆಟ್ಟನ್ನು ನೋಡಿದ. ನಿಧಾನವಾಗಿ ಅವನ ಕೆನ್ನೆ ಕೆಂಪಾಗಿ, ಕೆಂಪು ಕಿವಿಯ ತನಕ ಹೋಯಿತು.

"ಒಂದು ಮರಿ ಐಲ್ಸಾಗೆ ಕೊಟ್ಟೆ, ಪಾಪ ಹೊತ್ತು ಹೋಗಲ್ವಂತೆ ಅಂದ್ಲು ಎಫಿ ನನ್ಹತ್ರ," ಎಂದು ತನ್ನಷ್ಟಕ್ಕೇ ಗೊಣಗಿದ. ಆಮೇಲೆ ಬೈಕಿನ ಹಿಂದಿನ ಪೆಟ್ಟಿಗೆಯಿಂದ ಇಕ್ಕಳ, ತಂತಿಯ ಸುರುಳಿ ಮತ್ತು ಕಬ್ಬಿಣದ ಗೂಟಗಳನ್ನು ತೆಗೆದು ಕಾಲುವೆಗೆ ಇಳಿದ.

"ನನ್ನ ಮಾತು ಬದಲಾಗಿಲ್ಲ," ಎಂದ, ತಲೆ ಎತ್ತದೆ. "ಇನ್ನೊಂದ್ಸಲ ಕುರಿ ಮಧ್ಯೆ ಕಂಡ್ರೆ ಕುರಿ ಅಡ್ಡ ಬಂದ್ರೂ ಬಿಡಲ್ಲ. ಹೊಡೆಯೋದು ನಂಗೂ ಇಷ್ಟ ಇಲ್ಲ. ತಿಳೀತಾ?"

"ತಿಳೀತು."

"ಗೂಟ ಹಿಡ್ಕೋ."

ಒಂದು ಕೈಯಲ್ಲಿ ನಾಯಿ, ಇನ್ನೊಂದರಲ್ಲಿ ಗೂಟ ಹಿಡಿದೆ. ಹಸಿದ ಮರಿಗಳೆರಡೂ ಬಂದು ಬಾಗಿದ್ದ ನನ್ನ ಬೆನ್ನಿಗೆ ಗುದ್ದತೊಡಗಿದವು. ಅಷ್ಟರಲ್ಲಿ ಲಾಕಿ ಒಳಚಡ್ಡಿ ಬನಿಯನ್ನಿನಲ್ಲಿ, ಒಂದೇ ಗಂಬೂಟು ಹಾಕಿಕೊಂಡು, ಕುಂಟುತ್ತ ಬಂದ. ಇನ್ನೊಂದು ಗಂಬೂಟನ್ನು ಕೀಯಾ ಬೆಳಿಗ್ಗೆಯೇ ಮುಗಿಸಿತ್ತು.

"ಯಾರೇ ಅದು ತಗಡು ಬಡಿದಿದ್ದು? ಏನಾಯ್ತು?" ಎಂದವನ ಕಣ್ಣಿಗೆ ಬಂದೂಕು ಬಿತ್ತು. ಆಮೇಲೆ ಬೇಲಿ ನೋಡಿದ. "ಆರ್ಚಿ, ನೀವ್ಯಾಕೆ ತೊಂದ್ರೆ ತಗೋತೀರಿ, ಶನಿವಾರ ನಾನೇ..."

"ಶನಿವಾರ ಮುಗೀತು ಲಾಕಿ," ಎಂದ ಆರ್ಚಿ. "ಇಳಿ ಕೆಳಗೆ. ತಂತಿ ಎಳಿ."

ಬರಿಗಾಲೊಂದನ್ನು ತಣ್ಣೀರಿಗೆ ಇಳಿಸುವಾಗ ಅವನು ನನ್ನ ಕಡೆ ನೋಡಿದ. ನಾನು ಗೂಟದ ಕಡೆ ನೋಡಿದೆ.

ಸಂದು ಈಗ ಮುಚ್ಚಿದೆ. ಬೆಕ್ಕೂ ನುಸುಳಲಾರದು. ಆದರೂ ದಿನಾ ಬೆಳಿಗ್ಗೆ ಹೋಗಿ ಗೂಟಗಳನ್ನು ಅಲುಗಿಸಿ ನೋಡುತ್ತೇನೆ. ಮರಿಗಳು ಬಲಿತು ಎಫಿಯ ಕೊಟ್ಟಿಗೆಗೆ ಮರಳಿವೆ. ಎಫಿ ಈಚೆಗೆ ಸಲಹೆ ಕೊಡುವುದಿಲ್ಲ, ಚೀಸ್ ರೋಲು ಮಾತ್ರ ತರುತ್ತಾಳೆ. ಬಕೆಟ್ಟು ವಾಪಸು ಬೇಕೆಂದು ಕೇಳಿಲ್ಲ, ನಾನೂ ಕೊಟ್ಟಿಲ್ಲ.

ಮಧ್ಯಾಹ್ನ ಅಂಚೆಪೆಟ್ಟಿಗೆಯ ತನಕ ನಡೆಯುತ್ತೇವೆ. ಒಂದು ಕೈಯಲ್ಲಿ ಕೀಯಾದ ಉದ್ದನೆಯ ಹಗ್ಗ, ಇನ್ನೊಂದರಲ್ಲಿ ಆ ನೆಗ್ಗಿದ ಬಕೆಟ್ಟು. ಕಾರಿನಲ್ಲಿ ಹೋಗುವವರು ನಿಧಾನಿಸಿ ನೋಡುತ್ತಾರೆ. ಕೀಯಾ ಹಗ್ಗದ ತುದಿಗೆ ಹೋಗಿ ಏನನ್ನೋ ಮೂಸುತ್ತ ನಿಲ್ಲುತ್ತದೆ. ನಾನು ಮೊದಲು "ಬಾ" ಎನ್ನುತ್ತೇನೆ, ಪ್ರತಿ ಸಲವೂ, ಶಾಂತವಾದ ಒಂದೇ ಸ್ವರದಲ್ಲಿ. ಕೀಯಾ ತಲೆ ಎತ್ತಿ ನನ್ನನ್ನಲ್ಲ, ಬಕೆಟ್ಟನ್ನು ನೋಡುತ್ತದೆ. ನಾನು ಕಾಯುತ್ತೇನೆ. ಅದೂ ಕಾಯುತ್ತದೆ. ಕೊನೆಗೆ ಬಡಿಯುತ್ತೇನೆ.

ಆಗ ಬೇಲಿಯ ಆಚೆ ಅಜ್ಜಿಯರು ಓಡಿ ಬಂದು ನಮ್ಮ ಜತೆಯಲ್ಲೇ ರಸ್ತೆಯುದ್ದಕ್ಕೂ ಸಾಲು ಕಟ್ಟಿ ನಡೆಯುತ್ತಾರೆ, ಹಾಲು ಕೊಡು ಎಂದು ಅರಚುತ್ತ. ದಿಣ್ಣೆಯ ಮೇಲಿನಿಂದ ಆರ್ಚಿ ಏನೋ ಕೂಗುತ್ತಾನೆ. ಗಾಳಿಗೆ ಸರಿಯಾಗಿ ಕೇಳಿಸುವುದಿಲ್ಲ.